ಬಂದರಿನ ಮೈಕಿನಲ್ಲಿ ಮೆಣಸಿನಕಾಯಿ

ಫೆಬ್ರವರಿ 6

ಅಕ್ಕಾ,

ಕೂತಿದ್ದೀಯಾ? ನಿಂತಿದ್ರೆ ಮೊದಲು ಕೂತ್ಕೋ. ಬೆಟ್ಟದ ತುದಿಯಲ್ಲಿರೋ ನಿನ್ನ ಗಾಳಿ ಅಳೆಯೋ ಯಂತ್ರಗಳು ಅರ್ಧ ಗಂಟೆ ನೀನಿಲ್ಲದೆ ತಿರುಗಿದ್ರೆ ಆಕಾಶವೇನೂ ಕಳಚಿ ಬೀಳಲ್ಲ. ನಾನು ಬಸುರಿ. ಎರಡು ತಿಂಗಳು ತುಂಬ್ತಾ ಬಂತು. ಮೊದಲು ನಿನಗೇ ಹೇಳ್ಬೇಕು ಅಂತ ಬಾಯಿ ಬಿಗಿಹಿಡ್ಕೊಂಡಿದ್ದೆ. ಆದ್ರೆ ನಿಮ್ಮ ಬೆಟ್ಟಕ್ಕೆ ಫೋನಿಲ್ಲ, ಟಪಾಲು ತರೋ ಜೀಪು ವಾರಕ್ಕೊಂದೇ ಸಲ. ಹಾಗಾಗಿ ನಮ್ಮ ಬೀದಿಯ ಇಸ್ತ್ರಿಯವನಿಗೂ ನಿನಗಿಂತ ಮೊದಲೇ ಗೊತ್ತಾಗಿಬಿಟ್ಟಿದೆ. ಮುಖ ಊದಿಸ್ಕೋಬೇಡ.

ಗೊತ್ತಾಗಿದ್ದು ಹೇಗೆ ಅಂತ ಕೇಳು. ನಮ್ಮ ಡ್ರೈವಿಂಗ್ ಸ್ಕೂಲಿಗೆ ಒಬ್ಬ ಹಲ್ಲಿನ ಡಾಕ್ಟರಮ್ಮ ಕಾರು ಕಲಿಯೋಕೆ ಬರ್ತಾರೆ. ಕ್ಲಚ್ ಅಂದ್ರೆ ಅವರಿಗೆ ಜನ್ಮದ ವೈರಿ. ಸೋಮವಾರ ಅವರ ಪಕ್ಕ ಕೂತು ಹೇಳಿಕೊಡ್ತಾ ಇದ್ದೆ. ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರು, ನಾಲಿಗೆ ತೊದಲು. ಅವರನ್ನ ಬಾಯಿಗೆ ಬಂದ ಹಾಗೆ ಬೈಯೋಕೆ ಶುರು ಮಾಡಿದೆನಂತೆ. ಅವರು ಕಾರನ್ನ ಚೆನ್ನಾಗಿ ಬದಿಗೆ ತಂದು ನಿಲ್ಲಿಸಿದ್ರು (ಅವರ ಜೀವನದಲ್ಲೇ ಮೊದಲ ಸಲ), ಬ್ಯಾಗಿಂದ ಚಾಕೊಲೇಟ್ ತೆಗೆದ್ರು. ನಾನು ಬೇಡ ಅಂತ ಹಟ ಹಿಡಿದೆ. ಹಲ್ಲಿನ ಡಾಕ್ಟರ ಹತ್ರ ಬಾಯಿ ಮುಚ್ಕೊಂಡ್ರೆ ನಡೆಯುತ್ತಾ? ದವಡೆ ಒತ್ತಿ ತುರುಕಿದ್ರು. ಆಮೇಲೆ ರಕ್ತ ನೋಡಿದ್ರೆ ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು.

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಮ್ಮ ನನ್ನ ಮುಖ, ನನ್ನ ಡೋಸು ಎರಡನ್ನೂ ನೋಡಿ, 'ಮುಟ್ಟು ಯಾವಾಗ ಆಗಿತ್ತು' ಅಂದ್ರು. ಬಸುರಿನ ಮೊದಲ ತಿಂಗಳುಗಳಲ್ಲಿ ಇನ್ಸುಲಿನ್ ಕಮ್ಮಿ ಸಾಕಾಗುತ್ತಂತೆ, ಹಳೇ ಡೋಸೇ ಹಾಕ್ಕೊಂಡ್ರೆ ಸಕ್ಕರೆ ಧಡಾರಂತ ಬೀಳುತ್ತಂತೆ. ಹನ್ನೊಂದನೇ ವಯಸ್ಸಿಂದ ಸೂಜಿ ಚುಚ್ಕೊಳ್ತಿರೋ ನನಗೆ ಅದು ಗೊತ್ತಿರಲಿಲ್ಲ ನೋಡು. ಡೋಸು ಇಳಿಸಿದ್ದಾರೆ, ಸ್ಟೀರಿಂಗ್ ಮುಟ್ಟಬೇಡ ಅಂದಿದ್ದಾರೆ. ಈಗ ಸ್ಕೂಲಿನ ಹಿಂದಿನ ರೂಮಲ್ಲಿ ಬೋರ್ಡ್ ಮೇಲೆ ಬಾಣ ಬರೆದು, ಇದು ಎಡ ಇದು ಬಲ ಅಂತ ಪಾಠ ಮಾಡ್ತೀನಿ.

ಖುಷಿಗೆ ಕಾಲು ನೆಲದ ಮೇಲೆ ನಿಲ್ತಾ ಇಲ್ಲ ಕಣೇ.

ನಿನ್ನ ಮೆಣಸಿನಕಾಯಿ


ಫೆಬ್ರವರಿ 14

ಮೆಣಸಿನಕಾಯಿ,

ನಿನ್ನ ಕಾಗದ ಓದಿ ಹೊರಗೆ ಬಂದು ಒಂದು ಸುತ್ತು ಓಡಿದೆ. ನನ್ನ ಜೊತೆ ಕೆಲಸ ಮಾಡೋ ಹಿರಿಯರು ಸಿಡಿಲು ಬಿತ್ತೇನೋ ಅಂತ ಬಾಗಿಲಿಗೆ ಬಂದ್ರು. ನನ್ನ ತಂಗಿಗೆ ಮಗು ಆಗುತ್ತೆ ಅಂದೆ. ಅವರು ಗಂಭೀರವಾಗಿ ಹೋಗಿ ಟೀ ಇಟ್ಟರು, ಅವರ ಲೆಕ್ಕದಲ್ಲಿ ಅದು ಮೆರವಣಿಗೆ.

ಈಗ ಕಿವಿಗೊಟ್ಟು ಕೇಳು. ಎಚ್ಚರ ತಪ್ಪಿದ್ರೆ ಹೊಡೆಯೋ ಇಂಜೆಕ್ಷನ್ ಒಂದಿದೆಯಲ್ಲ, ಸಕ್ಕರೆ ಏರಿಸೋದು, ಅದನ್ನ ತಂದಿಡು. ನಿನ್ನ ಗಂಡನಿಗೆ, ಅಂದ್ರೆ ನನ್ನ ಐಸಪ್ಪನಿಗೆ ಕಲಿಸು. ಇಡೀ ಬಂದರಿನ ಕೋಲ್ಡ್ ಸ್ಟೋರೇಜ್ ರಿಪೇರಿ ಮಾಡೋ ಕೈ, ಒಂದು ಸೂಜಿಗೆ ನಡುಗಬಾರದು. ಗ್ಲೂಕೋಸ್ ಪೊಟ್ಟಣ ಎರಡು ಜೇಬಲ್ಲೂ ಇರಲಿ. ಬಾಯಿಗೆ ಹಾಕೋಕೆ ಬಂದವರನ್ನ ಕಚ್ಚಬೇಡ.

ಇನ್ನೊಂದು. ಪ್ರತಿ ಕಾಗದದಲ್ಲೂ ಸಕ್ಕರೆ ಎಷ್ಟಿತ್ತು ಅಂತ ಬರೀಬೇಕು. ಚಿಕ್ಕವಳಿದ್ದಾಗ ನಿನ್ನ ಬೆರಳು ಚುಚ್ಚಿ ನೋಡ್ತಿದ್ದವಳು ನಾನು, ಈಗ ಕಾಗದದಲ್ಲಾದ್ರೂ ನೋಡ್ತೀನಿ. ನಿಜ ಬರಿ.

ನನ್ನ ಹತ್ರಾನೂ ಒಂದು ಸುದ್ದಿ ಇದೆ. ಈಗ ಹೇಳಲ್ಲ. ಆಗಸ್ಟ್ ಬರಲಿ.

ಅಕ್ಕ


ಏಪ್ರಿಲ್ 19

ಅಕ್ಕಾ,

ಒದ್ದಿತು. ನಿನ್ನೆ ಪಾಠ ಮಾಡ್ತಿದ್ದಾಗ, 'ಶಾಲೆ ಇದೆ, ನಿಧಾನವಾಗಿ ಚಲಿಸಿ' ಬೋರ್ಡ್ ತೋರಿಸ್ತಿದ್ದೆ, ಒಳಗಿಂದ ಟಪ್ ಅಂತ. ಒದ್ದಿತು ಅಂತ ಅಲ್ಲೇ ಕೂಗಿಬಿಟ್ಟೆ. ಕಲಿಯೋಕೆ ಬಂದ ಒಂಬತ್ತು ಜನ ಚಪ್ಪಾಳೆ ತಟ್ಟಿದ್ರು. ಅವರಲ್ಲಿ ನಾಲ್ಕು ಜನ ಲೈಸೆನ್ಸ್ ಪರೀಕ್ಷೆಯಲ್ಲಿ ಖಂಡಿತ ಫೇಲು, ಆದ್ರೂ ಒಳ್ಳೆಯವರು.

ಇವರು ಮೂರು ಕಿತ್ತಳೆ ಹಣ್ಣಿಗೆ ಇಂಜೆಕ್ಷನ್ ಹೊಡೆದು ಪ್ರಾಕ್ಟೀಸ್ ಮಾಡಿದ್ರು. ಪ್ರತಿ ಹಣ್ಣಿಗೂ 'ನೋವಾಗಲ್ಲಮ್ಮ' ಅಂತ ಹೇಳಿದ್ರು. ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡೆ.

ಸಕ್ಕರೆ: ಬೆಳಿಗ್ಗೆ 94, ಊಟ ಆದ ಮೇಲೆ 131. ಡಾಕ್ಟರಮ್ಮ ಬೆನ್ನು ತಟ್ಟಿದ್ರು. ಆಗಸ್ಟ್ ಸುದ್ದಿ ಏನು, ಈಗಲೇ ಹೇಳೇ, ಬಸುರಿಯನ್ನ ಕಾಯಿಸಬಾರದು.

ಮೆಣಸಿನಕಾಯಿ


ಮೇ 24

ಅಕ್ಕಾ,

ಇಲ್ಲಿ ಸೆಕೆ ಬೆಂಕಿ. ದಿನಕ್ಕೆ ಐದಾರು ಗಂಟೆ ಕರೆಂಟ್ ಇಲ್ಲ. ನಮ್ಮ ಫ್ರಿಜ್ಜು ಕೂಡ ನನ್ನ ಹಾಗೇ ಏದುಸಿರು ಬಿಡ್ತಾ ನಿಂತಿದೆ. ಔಷಧಿ ಬಗ್ಗೆ ಚಿಂತೆ ಮಾಡ್ಬೇಡ, ಅದರ ವ್ಯವಸ್ಥೆ ಇವರು ನೋಡ್ಕೊಂಡಿದ್ದಾರೆ.

ಮಗು ಈಗ ಸರ್ಕಸ್ಸಿಗೆ ಸೇರಿದೆ. ಒದೆತಕ್ಕೆ ತಟ್ಟೆ ಹೊಟ್ಟೆ ಮೇಲಿಂದ ಜಾರಿ ಬಿತ್ತು.

ಸಕ್ಕರೆ ಮಾತ್ರ ಯಾಕೋ ಏರ್ತಿದೆ. ಬೆಳಿಗ್ಗೆ 168, ಊಟ ಆದ ಮೇಲೆ 240. ಡೋಸು ಏರಿಸಿದ್ದಾಯ್ತು. ಐದನೇ ತಿಂಗಳು ದಾಟಿದ ಮೇಲೆ ಹೆಚ್ಚು ಬೇಕಾಗೋದು ಸಹಜ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ರು. ಇನ್ನೂ ಸ್ವಲ್ಪ ಏರಿಸಿದ್ರೆ ಸರಿ ಹೋಗುತ್ತೆ.

ಡ್ರೈವಿಂಗ್ ಸ್ಕೂಲಲ್ಲಿ ನನಗೆ ಅಂತ ಒಂದು ದೊಡ್ಡ ಕೇಕ್ ತಂದಿದ್ರು. ಹಲ್ಲಿನ ಡಾಕ್ಟರಮ್ಮ ಪಾಸಾದ ಖುಷಿಗೆ.

ಮೆಣಸಿನಕಾಯಿ


ಮೇ 31

ಮೆಣಸಿನಕಾಯಿ,

ಕೇಕ್. ಅಲ್ಲಿಗೆ ಬಂತು ನೋಡು ವಿಷಯ. ಇನ್ನೂರ ನಲವತ್ತು ಸುಮ್ಮನೆ ಬರಲ್ಲ. ಹದಿನಾಲ್ಕನೇ ವಯಸ್ಸಲ್ಲಿ ಬಟ್ಟೆ ಬೀರುವಿನ ಹಿಂದೆ ಬಿಸ್ಕತ್ತು ಬಚ್ಚಿಟ್ಟು ತಿನ್ನುತ್ತಿದ್ದವಳು ನೀನು, ನನಗೆ ಹೊಸದಾಗಿ ಕಥೆ ಹೇಳಬೇಡ. ಆಗ ನಿನ್ನ ಹೊಟ್ಟೆ ಒಂದೇ ಇತ್ತು, ಈಗ ಒಳಗೆ ಇನ್ನೊಂದಿದೆ. ನಾಚಿಕೆ ಆಗಲ್ವಾ? ಕಳ್ಳಿ. ನಾಲಿಗೆ ಹಿಡಿತದಲ್ಲಿ ಇಟ್ಕೋ.

ಅಕ್ಕ


ಜೂನ್ 11

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ತಲುಪಿತು. ನೀನು ಹೇಳಿದ್ದು ಸರಿ. ಇನ್ನು ಮೇಲೆ ಜಾಗ್ರತೆಯಾಗಿ ಇರುತ್ತೇನೆ.

ಸಕ್ಕರೆ: 110.

ಎಲ್ಲರೂ ಕ್ಷೇಮ.


ಜೂನ್ 18

ಮೆಣಸಿನಕಾಯಿ,

ನೋಡಿದ್ಯಾ, ಅಕ್ಕನ ಮಾತಿಗೆ ಎಷ್ಟು ಬೆಲೆ ಅಂತ. ಒಂದು ಸಲ ಗದರಿದ್ದಕ್ಕೆ ನೂರಾ ಹತ್ತು. ನಮಸ್ಕಾರಗಳು ಅಂತೆಲ್ಲ ಬರೆದು ಮುನಿಸು ತೋರಿಸಿದ್ದೀಯ, ಇರಲಿ, ಮಗು ಬಂದ ಮೇಲೆ ನಾಲ್ಕು ದಿನ ಕೂತು ಜಗಳ ಆಡೋಣ. ನಾನು ಹಳದಿ ಉಲ್ಲನ್ನಿನಲ್ಲಿ ಒಂದು ಟೋಪಿ ಹೆಣೀತಿದ್ದೀನಿ. ಇಲ್ಲಿವರೆಗೆ ಅದು ಕಾಲುಚೀಲದ ಹಾಗಿದೆ.

ನನ್ನ ಪಟ್ಟಿ ಪ್ರಕಾರ ನಿಮ್ಮಲ್ಲಿ ವಾರದಿಂದ ಮೂವತ್ತೆಂಟು ಡಿಗ್ರಿ, ಮಳೆಯ ಸುಳಿವೇ ಇಲ್ಲ. ಈ ಸೆಕೆಗೆ ಇನ್ಸುಲಿನ್ ಕೆಡುತ್ತೆ. ಐಸಪ್ಪ ಏನೋ ವ್ಯವಸ್ಥೆ ಮಾಡಿದ್ದಾನೆ ಅಂದೆ, ಏನು ಅಂತ ಬರೀಲಿಲ್ಲ. ಎಲ್ಲಿಟ್ಟಿದ್ದೀರಿ?

ಅಕ್ಕ


ಜೂನ್ 22

ಅಕ್ಕಾ,

ನಿನ್ನ ಟೋಪಿ-ಕಾಲುಚೀಲದ ಸುದ್ದಿ ಓದಿ ನಗು ಬಂತು, ಹಾಗಾಗಿ ಮುನಿಸು ಅರ್ಧ ಬಿಟ್ಟಿದ್ದೀನಿ. ಅಕ್ಷರ ಸೊಟ್ಟ ಆಗಿದ್ರೆ ಬೈಬೇಡ, ಕೈಯಲ್ಲಿ ಶಕ್ತಿ ಇಲ್ಲ. ಮೂರು ದಿನದಿಂದ ಮತ್ತೆ ವಾಂತಿ. ಬಸುರಿನ ವಾಂತಿ ಏಳನೇ ತಿಂಗಳಲ್ಲೂ ವಾಪಸ್ ಬರುತ್ತೆ ಅಂತ ಪಕ್ಕದ ಮನೆಯವರು ಅಂದ್ರು. ಬಾಯಾರಿಕೆ ಅಂದ್ರೆ ಬಾಯಾರಿಕೆ, ಬಿಂದಿಗೆ ಕಚ್ಕೊಂಡೇ ಕೂತಿದ್ದೀನಿ. ಊಟ ಸೇರ್ತಿಲ್ಲ, ಊಟ ಇಲ್ಲದ ಮೇಲೆ ಇನ್ಸುಲಿನ್ ಯಾಕೆ ಅಂತ ಅದನ್ನೂ ಕಮ್ಮಿ ಮಾಡಿದ್ದೀನಿ. ಶುಕ್ರವಾರ ಡಾಕ್ಟರಮ್ಮನ ಹತ್ರ ಹೋಗೋದು ಹೇಗೂ ಇದೆ.

ಇನ್ಸುಲಿನ್ ಎಲ್ಲಿ ಅಂತ ಕೇಳಿದ್ಯಲ್ಲ. ನಿನ್ನ ಐಸಪ್ಪನನ್ನ ಹೊಗಳು. ಕರೆಂಟ್ ಕೈ ಕೊಡೋಕೆ ಶುರುವಾದಾಗಿಂದ ಅಷ್ಟೂ ಪೆಟ್ಟಿಗೆಗಳನ್ನ ತಮ್ಮ ಕೋಲ್ಡ್ ಸ್ಟೋರೇಜಲ್ಲಿ ಇಟ್ಟಿದ್ದಾರೆ. ಅದೂ ಎಲ್ಲಿ? ಹಣ್ಣು ಹಂಪಲಿನ ರೂಮಲ್ಲಲ್ಲ, ಅದರ ಬಾಗಿಲು ಯಾವಾಗ್ಲೂ ತೆಗೆದು ಹಾಕ್ತಾರಂತೆ. ಹೊರದೇಶಕ್ಕೆ ಹೋಗೋ ಸೀಗಡಿ ಇಡೋ ರೂಮಲ್ಲಿ. ಅತಿ ಬೆಲೆಯ ಮಾಲಿಗೆ ಮಾತ್ರ ಅಲ್ಲಿ ಜಾಗವಂತೆ. ಬೇಕಾದಾಗ ಒಂದೊಂದೇ ಮನೆಗೆ ತರ್ತಾರೆ. 'ನನ್ನ ಹೆಂಡತಿಯ ಔಷಧಿ ಆರು ತಿಂಗಳಾದ್ರೂ ಕೆಡಲ್ಲ' ಅಂತ ಮೀಸೆ ಮೇಲೆ ಕೈ. ನನ್ನನ್ನ ಯಾರೂ ಇಷ್ಟು ಜೋಪಾನ ಮಾಡಿರಲಿಲ್ಲ ಕಣೇ, ನಿನ್ನ ಬಿಟ್ಟು.

ಸ್ವಲ್ಪ ಮಲಗ್ತೀನಿ. ಉಸಿರು ಯಾಕೋ ಓಡಿ ಬಂದ ಹಾಗೆ ಆಗ್ತಿದೆ.

ಮೆಣಸಿನಕಾಯಿ


ಜೂನ್ 25, ಮಧ್ಯಾಹ್ನ

ಮೆಣಸಿನಕಾಯಿ, ನನ್ನ ಚಿನ್ನ,

ಜೀಪಿನವನು ಕೆಳಗೆ ಹಾರ್ನ್ ಹೊಡೀತಿದ್ದಾನೆ, ನಾನು ಬರೀತಿದ್ದೀನಿ. ನಿನ್ನ ಕಾಗದ ಬಂದು ಹತ್ತು ನಿಮಿಷ ಆಗಿಲ್ಲ. ಸೀಗಡಿ ಕೋಣೆ ಅಂದ್ರೆ ಮೈನಸ್ ಇಪ್ಪತ್ತು. ಅಲ್ಲಿ ಇನ್ಸುಲಿನ್ ಕಲ್ಲಾಗುತ್ತೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡೋಕೆ ಹೇಗಿದ್ರೂ ಅದನ್ನ ನಂಬೋ ಹಾಗಿಲ್ಲ. ನೀನು ಒಂದೂವರೆ ತಿಂಗಳಿಂದ ನೀರು ಚುಚ್ಕೊಂಡ ಹಾಗೆ. ಅದು ಬಸುರಿನ ವಾಂತಿ ಅಲ್ಲ. ಆ ಬಾಯಾರಿಕೆ, ಆ ಉಸಿರು, ಎಲ್ಲ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರಿದ್ದಕ್ಕೆ. ನಿನಗೆ ಹನ್ನೊಂದು ವರ್ಷ ಆಗಿದ್ದಾಗ ಇದನ್ನೇ ನೋಡಿದ್ದೀನಿ, ಆಗ ನಿನ್ನನ್ನ ಹೆಗಲ ಮೇಲೆ ಹಾಕ್ಕೊಂಡು ಓಡಿದ್ದೆ. ಊಟ ಮಾಡದಿದ್ರೂ ಇನ್ಸುಲಿನ್ ಬಿಡಬಾರದು, ಯಾವತ್ತೂ.

ನಾನೇ ಇಳಿದು ಬರಬಹುದಿತ್ತು, ಆದ್ರೆ ಜೀಪು ಕೆಳಗೆ ಮುಟ್ಟೋದು ಸಂಜೆ, ಅಲ್ಲಿಂದ ನಿಮ್ಮೂರಿಗೆ ಇನ್ನೊಂದು ಹಗಲು. ಇಲ್ಲಿರೋದು ಒಂದೇ ವೈರ್‌ಲೆಸ್, ಅದು ದಿನಕ್ಕೆ ಮೂರು ಸಲ ಹವಾಮಾನ ಓದೋಕೆ ಮಾತ್ರ. ನಾನು ಓದಿದ್ದು ನೇರವಾಗಿ ನಿಮ್ಮ ಬಂದರಿನ ಕಂಬದ ಮೈಕುಗಳಲ್ಲಿ ಬರುತ್ತೆ. ಸ್ವಂತ ಮಾತು ಒಂದಕ್ಷರ ಆಡಬಾರದು, ಆಡಿದ್ರೆ ಕೆಲಸಕ್ಕೆ ಕುತ್ತು. ಆಡಿದೆ. ಈಗಷ್ಟೇ ಮೈಕ್ ಮುಚ್ಚಿದೆ. ಏನು ಹೇಳಿದೆ ಅಂತ ಬರೀತೀನಿ, ನಿನಗೆ ಗೊತ್ತಿರಲಿ:

'ಗಾಳಿ ನೈಋತ್ಯದಿಂದ, ಸಾಧಾರಣ. ಅಲೆ ಒಂದು ಮೀಟರ್. ದೋಣಿಗಳಿಗೆ ಅಪಾಯವಿಲ್ಲ. ಇನ್ನೊಂದು ಮುಖ್ಯ ಸೂಚನೆ. ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್ ಗಮನಕ್ಕೆ. ಸೀಗಡಿ ಕೋಣೆಯ ಇನ್ಸುಲಿನ್ ಹೆಪ್ಪುಗಟ್ಟಿ ಕೆಟ್ಟಿದೆ. ಮೆಣಸಿನಕಾಯಿಯನ್ನು ಈ ಕ್ಷಣ ಆಸ್ಪತ್ರೆಗೆ ಸೇರಿಸಿ. ಕೀಟೋನ್ ಪರೀಕ್ಷೆ ಮಾಡಿ ಎಂದು ಹೇಳಿ. ಇದನ್ನು ಕೇಳಿದವರು ಅವನನ್ನು ಹುಡುಕಿ ತಿಳಿಸಿ. ಬಸುರಿಯ ಜೀವದ ಪ್ರಶ್ನೆ.'

ಎರಡು ಸಲ ಓದಿದೆ. ಕೇಳಿಸಿತೋ ಇಲ್ಲವೋ ನನಗೆ ತಿಳಿಯೋ ದಾರಿ ಇಲ್ಲ. ಈ ಯಂತ್ರ ಹೇಳುತ್ತೆ, ಕೇಳಿಸ್ಕೊಳ್ಳಲ್ಲ. ಸಂಜೆ ಮತ್ತೆ ಓದ್ತೀನಿ. ಯಾರು ಬಂದು ತಡೀತಾರೋ ನೋಡ್ತೀನಿ.

ಅಕ್ಕ


ಜುಲೈ 1, ಆಸ್ಪತ್ರೆ

ಅಕ್ಕಾ,

ಇದ್ದೀನಿ. ಇಬ್ಬರೂ ಇದ್ದೀವಿ. ಅದನ್ನ ಮೊದಲು ಓದು, ಆಮೇಲೆ ಅಳು, ಆಮೇಲೆ ಮುಂದಕ್ಕೆ ಓದು.

ನೀನು ಹೇಳಿದಾಗ ಬಂದರಿನಲ್ಲಿ ಮೀನಿನ ಹರಾಜು ನಡೀತಿತ್ತಂತೆ. ಹರಾಜು ಕೂಗೋ ಹೆಂಗಸು ಒಬ್ಬರಿದ್ದಾರೆ, ಅವರ ಗಂಟಲಿಗೆ ಹಡಗು ಕೂಡ ದಾರಿ ಬಿಡುತ್ತೆ. ಅವರು ಕೂಗ್ತಾ ಕೂಗ್ತಾ ಅರ್ಧಕ್ಕೇ ನಿಲ್ಲಿಸಿ, 'ಮೆಕ್ಯಾನಿಕ್ ಎಲ್ಲಿ' ಅಂದ್ರಂತೆ. ಇವರು ಕಂಪ್ರೆಸರ್ ಅಡಿಯಲ್ಲಿ ಮಲಗಿದ್ರು, ಕಿವಿಗೆ ಶಬ್ದ ತಡೆಯೋ ಮುಚ್ಚಳ ಹಾಕ್ಕೊಂಡು. ಏನೂ ಕೇಳಿಸಿಲ್ಲ. ನಾಲ್ಕು ಜನ ಕಾಲು ಹಿಡಿದು ಎಳೆದು ಆಚೆ ಹಾಕಿದ್ರು. ವಿಷಯ ಕೇಳಿ ಇವರು ಮನೆ ಕಡೆ ಓಡೋಕೆ ಶುರು ಮಾಡಿದ್ರಂತೆ. ಹರಾಜಿನಮ್ಮ ರಟ್ಟೆ ಹಿಡಿದು ನಿಲ್ಲಿಸಿ ತಮ್ಮ ಮೀನಿನ ವ್ಯಾನಲ್ಲಿ ಹಾಕ್ಕೊಂಡು ಬಂದ್ರು.

ನಾನು ಅಡುಗೆ ಮನೆಯಲ್ಲಿ ಬೀರುವಿಗೆ ಒರಗಿ ಕೂತಿದ್ದೆ. ಏಳೋಕೆ ಆಗ್ತಿರಲಿಲ್ಲ. ಬಾಯಿಂದ ಉಗುರು ಬಣ್ಣದ ವಾಸನೆ ಬರ್ತಿತ್ತಂತೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಸಕ್ಕರೆ 412. ಇವರು ಬಾಗಿಲಲ್ಲೇ 'ಕೀಟೋನ್, ಕೀಟೋನ್' ಅಂತ ಕಿರುಚಿದ್ರು, ಆ ಪದದ ಅರ್ಥ ಪಾಪ ಅವರಿಗೆ ಗೊತ್ತಿಲ್ಲ. ಆದ್ರೆ ಅದರಿಂದ ಒಂದು ನಿಮಿಷವೂ ಹಾಳಾಗಲಿಲ್ಲ. ಎರಡೂ ಕೈಗೆ ಡ್ರಿಪ್, ಒಂದರಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಒಳ್ಳೆಯ ಇನ್ಸುಲಿನ್.

ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡಿದ್ರು. ಅದು ಚೆನ್ನಾಗಿರಲಿಲ್ಲ. ನರ್ಸಿನ ಮುಖ ನೋಡಿ ನನಗೆ ಗೊತ್ತಾಯ್ತು. ಇವರು 'ಆಪರೇಷನ್ ಮಾಡಿ ಮಗೂನ ತೆಗೆದುಬಿಡಿ' ಅಂತ ಕೈ ಮುಗಿದ್ರು. ಡಾಕ್ಟರಮ್ಮ, 'ಈಗ ತೆಗೆದ್ರೆ ಇಬ್ಬರಿಗೂ ಅಪಾಯ. ತಾಯಿ ರಕ್ತ ಸರಿ ಹೋದ್ರೆ ಮಗು ತಾನಾಗೇ ಸರಿ ಹೋಗುತ್ತೆ, ಅವಳನ್ನ ನೋಡ್ಕೊಳ್ಳೋದೇ ಮಗೂನ ನೋಡ್ಕೊಳ್ಳೋದು' ಅಂದ್ರು. ನಾನು ಆ ಎದೆಬಡಿತದ ಗೆರೆ ನೋಡ್ತಾ ಮಲಗಿದ್ದೆ. ಅಷ್ಟು ಹೆದರಿಕೆ ನನಗೆ ಹುಟ್ಟಿದಾಗಿಂದ ಆಗಿರಲಿಲ್ಲ. ಬಹಳ ಹೊತ್ತಾದ ಮೇಲೆ ಗೆರೆ ಏಳೋಕೆ ಶುರುವಾಯ್ತು. ಆಮೇಲೆ ಒಂದು ಒದೆ. ನರ್ಸು ನಕ್ಕರು. ಇವರು ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತರು. ಆ ಪೆಟ್ಟಿಗೆಗಳನ್ನೆಲ್ಲ ತಾವೇ ಹೋಗಿ ಎಸೆದು ಬಂದಿದ್ದಾರೆ. ನನ್ನ ಮುಖ ನೋಡೋಕೆ ಆಗ್ತಿಲ್ಲ ಅವರಿಗೆ. ನೀನು ಅವರಿಗೆ ಎರಡು ಸಾಲು ಬರಿ.

ಈಗ ನಿಜ. ಜೂನ್ ಹನ್ನೊಂದಕ್ಕೆ ನೂರಾ ಹತ್ತು ಅಂತ ಬರೆದೆನಲ್ಲ. ಅವತ್ತು ಇನ್ನೂರ ಎಂಬತ್ತಾರು ಇತ್ತು. ನೀನು ಕಳ್ಳಿ ಅಂದ್ಯಲ್ಲ, ನಾನು ಆ ಕೇಕ್ ಮುಟ್ಟಿರಲಿಲ್ಲ ಅಕ್ಕ. ಆದ್ರೆ ನೀನು ಅಂದ ಮೇಲೆ, ನಾನೇ ಏನೋ ಹೆಚ್ಚು ತಿಂತಿದ್ದೀನೇನೋ ಅಂತ ಊಟ ಅರ್ಧ ಮಾಡಿದೆ. ಆಮೇಲೆ ಅದರಲ್ಲೂ ಅರ್ಧ. ಡಾಕ್ಟರಮ್ಮನಿಗೂ ಸುಳ್ಳು ಅಂಕಿ ಹೇಳಿದೆ, ಅವರೂ ನನ್ನನ್ನ ಕಳ್ಳಿ ಅಂದ್ಕೋಬಾರದು ಅಂತ. ನಿನ್ನ ಮೇಲೆ ಸಿಟ್ಟು ಬಂದಿತ್ತು. ಈಗ ಇಲ್ಲ. ಸ್ವಲ್ಪ ಇದೆ.

ಇಡೀ ಬಂದರು ನನ್ನನ್ನ ಮೆಣಸಿನಕಾಯಿ ಅಂತ ಕರೀತಿದೆ. ಇಂದಿನ ಸಕ್ಕರೆ 118, ಇದು ನಿಜ, ನರ್ಸನ್ನ ಬೇಕಾದ್ರೆ ಕೇಳು.

ಮೆಣಸಿನಕಾಯಿ


ಜುಲೈ 10

ಮೆಣಸಿನಕಾಯಿ,

ಎರಡು ವಾರ ಈ ಬೆಟ್ಟದ ಮೇಲೆ ನಾನು ಹೇಗಿದ್ದೆ ಅಂತ ಬರೀಲಾರೆ. ಗುರುವಾರ ಜೀಪಿನ ಸದ್ದು ಕೇಳಿ ಬರಿಗಾಲಲ್ಲಿ ಇಳಿಜಾರು ಓಡಿದೆ. ಲಕೋಟೆ ಮೇಲೆ ನಿನ್ನ ಅಕ್ಷರ ಕಂಡಿದ್ದೇ ತಡ, ದಾರಿ ಮಧ್ಯೆ ಕೂತುಬಿಟ್ಟೆ. ಜೀಪಿನವನೂ ಜೊತೆಗೆ ಕೂತ.

ತಪ್ಪಾಯ್ತು. ನೀನು ನಿಜ ಬರೆದಾಗ ಬೈದೆ, ಸುಳ್ಳು ಬರೆದಾಗ ಹೊಗಳಿದೆ. ಹಾಗೆ ಮಾಡಿದ್ರೆ ಯಾರು ತಾನೇ ನಿಜ ಬರೀತಾರೆ? ಇನ್ನು ಮುನ್ನೂರು ಅಂತ ಬರೆದ್ರೂ ನಾನು ಮೊದಲು ಕೇಳೋದು 'ಏನಾಯ್ತು' ಅಂತ. ಐಸಪ್ಪನಿಗೆ ಬೇರೆ ಕಾಗದ ಇಟ್ಟಿದ್ದೀನಿ. ಪ್ರೀತಿಯಿಂದ ಮಾಡಿದ್ದಕ್ಕೆ ಅವನನ್ನ ಬೈಯೋಕೆ ನನಗೆ ಬಾಯಿ ಬರಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ಆಗಸ್ಟಿಗೆ ಬಡ್ತಿ ಮೇಲೆ ನಿಮ್ಮೂರಿನ ಕಚೇರಿಗೆ ವರ್ಗ ಆಗೋದಿತ್ತು. ನಿಮ್ಮ ಮನೆಯಿಂದ ಎರಡು ಬೀದಿ ಆಚೆ. ಮೈಕಿನ ಮಾತಿಗೆ ವಿವರಣೆ ಕೇಳಿದ್ರು. ಮತ್ತೆ ಅಂಥ ಸಂದರ್ಭ ಬಂದ್ರೆ ಮತ್ತೆ ಹೇಳ್ತೀನಿ ಅಂತ ಬರೆದು ಕಳಿಸಿದೆ. ಬಡ್ತಿ ಹೋಯ್ತು, ವರ್ಗವೂ ಹೋಯ್ತು. ಹೇಳಬಾರದು ಅಂತಿದ್ದೆ, ಆದ್ರೆ ನಿನ್ನಿಂದ ನಿಜ ಕೇಳಿ ನಾನು ಮುಚ್ಚಿಡೋದು ಯಾವ ನ್ಯಾಯ? ಬೇಜಾರಾಗಿದೆ. ಎರಡು ಬೀದಿ ಅಂದ್ರೆ ಸಣ್ಣ ಮಾತಲ್ಲ. ಆದ್ರೂ ನಿನ್ನೆ ಊಟ ಎರಡು ಸಲ ಹಾಕಿಸ್ಕೊಂಡೆ. ಸೆಪ್ಟೆಂಬರಲ್ಲಿ ರಜೆ ಸಿಕ್ಕಿದೆ.

ಅಕ್ಕ


ಆಗಸ್ಟ್ 29

ಅಕ್ಕಾ,

ಹೆಣ್ಣು. ಮೂರೂವರೆ ಕಿಲೋ ದಾಟಿದೆ, ತಲೆ ತುಂಬ ಕೂದಲು, ದನಿ ಹರಾಜಿನಮ್ಮನದು. ನಿನ್ನೆ ಬೆಳಿಗ್ಗೆ ಬಂದಳು. ಡಾಕ್ಟರಮ್ಮ ದಿನ ಇನ್ನೂ ಇದ್ದಾಗಲೇ ನೋವು ಬರಿಸಿದ್ರು, ಇಡೀ ಹೊತ್ತು ಗಂಟೆಗೊಮ್ಮೆ ನನ್ನ ಸಕ್ಕರೆ ನೋಡಿದ್ರು, ಅದು ನೂರರ ಆಸುಪಾಸು ಅಲುಗಲಿಲ್ಲ. ಇವರು ನನ್ನ ಕೈ ಹಿಡಿದು ನಿಂತಿದ್ರು, ನನಗಿಂತ ಜೋರಾಗಿ ಕೂಗಿದ್ರು.

ಮಗೂನ ಎದೆ ಮೇಲೆ ಹಾಕಿದ್ರು. ಬಿಸಿಬಿಸಿ, ಒದ್ದೆ, ಕಣ್ಣು ಬಿಟ್ಟು ನನ್ನನ್ನೇ ನೋಡ್ತಾಳೆ ಅಕ್ಕ. ನಾನು ನಗ್ತಿದ್ದೀನೋ ಅಳ್ತಿದ್ದೀನೋ ನನಗೇ ತಿಳೀಲಿಲ್ಲ. ಅಷ್ಟರಲ್ಲಿ ಅವಳ ಕೈ ನಡುಗೋಕೆ ಶುರುವಾಯ್ತು. ನನ್ನಂಥ ತಾಯಂದಿರ ಮಕ್ಕಳಿಗೆ ಹುಟ್ಟಿದ ಕೂಡಲೇ ಸಕ್ಕರೆ ಇಳಿಯುತ್ತಂತೆ. ಹೊಟ್ಟೆಯಲ್ಲಿದ್ದಾಗ ನನ್ನಿಂದ ಸಿಗ್ತಿದ್ದ ಸಕ್ಕರೆ ನಿಂತುಹೋಗಿರುತ್ತೆ, ಅವಳ ಮೈ ಮಾತ್ರ ಇನ್ನೂ ಇನ್ಸುಲಿನ್ ಸುರಿಸ್ತಾನೇ ಇರುತ್ತೆ. ಒಂದೆರಡು ದಿನದ ಮಾತು, ನನ್ನ ಕಾಯಿಲೆ ಅವಳಿಗೆ ಬಂದಿದೆ ಅಂತ ಅಲ್ಲ ಅಂದ್ರು. ನರ್ಸು ಹಿಮ್ಮಡಿ ಚುಚ್ಚೋಕೆ ಬಂದ್ರು. ನಾನು ಕೊಡಿ ಅಂತ ಪಾದ ಹಿಡ್ಕೊಂಡೆ. ನನ್ನ ಹೆಬ್ಬೆರಳಿನಷ್ಟು ಪಾದ. ಚುಚ್ಚಿದಾಗ ಅವಳು ಅತ್ತಳು, ನಾನು ಬಿಡಲಿಲ್ಲ. ಕೆನ್ನೆಯ ಒಳಗೆ ಗ್ಲೂಕೋಸ್ ಸವರಿದ್ರು, ಎದೆಗೆ ಹಾಕ್ಕೊಂಡೆ, ಮತ್ತೆ ಚುಚ್ಚಿದ್ರು, ಮತ್ತೆ ಹಾಲು. ಈಗ ಹೊಟ್ಟೆ ತುಂಬಿ, ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ. ನಡುಕ ಇಲ್ಲ.

ನಾನು ಬರೀತಿರೋದನ್ನ ಇವರು ಹೆಗಲ ಮೇಲಿಂದ ಓದ್ತಿದ್ದಾರೆ. 'ಕೊನೇ ಅಂಕಿ ಮಾತ್ರ ಬರಿ, ಮೊದಲಿನದು ಓದಿದ್ರೆ ಅಕ್ಕ ಬೆಟ್ಟದಿಂದ ಹಾರಿಬಿಡ್ತಾರೆ' ಅಂತಾರೆ. ಸುಮ್ಮನಿರಿ ಅಂದೆ.

ದೊಡ್ಡಮ್ಮಾ, ನಿನ್ನ ಮಗಳ ಸಕ್ಕರೆ: ಮೊದಲು 29. ಆಮೇಲೆ 41. ಈಗ 63.

ಮೆಣಸಿನಕಾಯಿ